ನಿಂಬೆಕ್ಕ ತಾಯಿಯವರ ಊಟದ ವ್ರತ

ಕಾಲುವೆ ನೀರು ಮುಗಿಯುವಲ್ಲಿಗೆ ಹಸಿರೂ ಮುಗಿಯುತ್ತದೆ. ಅದರಾಚೆಯ ಕೆಂಪು ನೆಲದ ಮೇಲೆ ಕಾರಿಗನಾಳವೆಂಬ ಊರು. ಊರ ಹೊರಗೆ ಬೇವಿನ ಮರದಡಿಯಲ್ಲಿ, ಮೂರು ಕಡೆ ಮಣ್ಣಿನ ಗೋಡೆಯೂ ನಾಲ್ಕನೆಯ ಕಡೆ ಗೋಣಿತಟ್ಟಿನ ಪರದೆಯೂ ಇದ್ದ ಗುಡಿಸಲೇ ಪೂಜ್ಯ ಮಾತೋಶ್ರೀ ನಿಂಬೆಕ್ಕ ತಾಯಿಯವರ ಮಠ. ಗದ್ದುಗೆ ಎಂದರೆ ಒಂದು ಹಳೆಯ ಕಂಬಳಿ. ಆಸ್ತಿ ಎಂದರೆ ಒಂದು ಜೋಳಿಗೆ, ಒಂದು ಹಂಡೆ. ತಾಯಿಯವರು ನಸುಕಿನಲ್ಲೇ ಎದ್ದು ಕಾಲುವೆ ಕಡೆಯ ಊರುಗಳಿಗೆ ನಡೆದುಹೋಗಿ ಭಿಕ್ಷೆ ಬೇಡಿ ಬರುವರು. ಸಿಕ್ಕ ಜೋಳವನ್ನು ತಾವೇ ಬೀಸಿ ಅಂಬಲಿ ಕಾಯಿಸುವರು. ಬರ ಬಲಿತಂತೆ ಆ ಊರುಗಳ ಕೈಯೂ ಬಿಗಿಯಾಗಿ ಜೋಳಿಗೆ ದಿನದಿನಕ್ಕೆ ಹಗುರಾಗುತ್ತಿತ್ತು. ಆದರೂ ತಾಯಿಯವರ ಮುಖದ ನಗೆ ಒಂದು ದಿನವೂ ಬಾಡಿದ್ದನ್ನು ಕಂಡವರಿಲ್ಲ.

ಅಂಥ ಬೇಸಿಗೆಯಲ್ಲಿ ಚಂದ್ರಚೂಡ ಎಂಬ ತರುಣರು ಜೀಪಿನಲ್ಲಿ ಬಂದಿಳಿದರು. ಪಟ್ಟಣದ ಒಂದು ಬರಪರಿಹಾರ ಸಂಘ ಅವರನ್ನು ಕಳಿಸಿತ್ತು. ಆ ಸೀಮೆಯಲ್ಲಿ ಮಕ್ಕಳಿಗಾಗಿ ಒಂದೇ ಒಂದು ಗಂಜಿ ಕೇಂದ್ರ ತೆರೆಯುವಷ್ಟು ಶಕ್ತಿ ಸಂಘಕ್ಕಿತ್ತು. ಯಾವ ಊರ ಮಕ್ಕಳಿಗೆ ಅದು ಎಲ್ಲಕ್ಕಿಂತ ಅಗತ್ಯವೆಂದು ನೋಡಿ, ಅಂದು ಸಂಜೆಯೊಳಗೆ ತಿಳಿಸುವ ಹೊಣೆ ಅವರದು. ಓದಿದವರು, ಪ್ರಾಮಾಣಿಕರು. ಸಾಧುಸಂತರೆಂದರೆ ಮಾತ್ರ ಮೂಗು ಮುರಿಯುವವರು.

ಕಾರಿಗನಾಳದ ಜನರ ಸ್ವಭಾವ ಅವರಿಗೇನು ಗೊತ್ತು! ಸಾಹೇಬರು ಬರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ತಾಯಂದಿರು ಇದ್ದ ನೀರಿನಲ್ಲೇ ಮಕ್ಕಳ ಮೈ ತೊಳೆದರು. ತಲೆಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಪೆಟ್ಟಿಗೆಯ ತಳದಿಂದ ಹಬ್ಬದ ಅಂಗಿ. ಮನೆಗೆ ಬಂದ ಅತಿಥಿಯ ಎದುರು ಮಕ್ಕಳನ್ನು ಹೊಲಸಾಗಿ ನಿಲ್ಲಿಸಿದರೆ ಮನೆತನದ ಮರ್ಯಾದೆ ಉಳಿದೀತೇ? ಒಲೆಯ ಮೇಲೆ ಬರೀ ನೀರಿಟ್ಟಾದರೂ ಹೊಗೆ ಏಳಿಸಿದವರುಂಟು.

"ಮಕ್ಕಳ ಊಟ ಆಯಿತೇನಮ್ಮ?" ಎಂದು ಚಂದ್ರಚೂಡರು ಮನೆಮನೆಯಲ್ಲೂ ಕೇಳಿದರು.

"ಆತ್ರೀ ಸಾಹೇಬ್ರ. ಈಗರ ಉಂಡು ಎದ್ದಾವ. ನಿಮ್ಮದಾತೇನ್ರಿ?" ಮನೆಮನೆಯಲ್ಲೂ ಅದೇ ಉತ್ತರ.

ಸುಳ್ಳೆಂದು ಯಾರೂ ಹೇಳಿದ್ದಲ್ಲ. ಹಸಿದಿದ್ದೇವೆ ಎಂದು ಅತಿಥಿಯ ಮುಂದೆ ಬಾಯಿಬಿಡುವುದು ಅಲ್ಲಿಯವರ ನಾಲಗೆಗೆ ಬರುವ ಮಾತೇ ಅಲ್ಲ. ಚಂದ್ರಚೂಡರೋ ಕೇಳಿದ್ದನ್ನು ನಂಬಿದರು. 'ಈ ಊರಿಗೇನು ಬರ? ಹೊಟ್ಟೆಗೆ ಹಿಟ್ಟಿದ್ದವರೇ ಜುಟ್ಟಿಗೆ ಮಲ್ಲಿಗೆ ಮುಡಿದಾರು' ಎಂದು ಗಾದೆಯನ್ನೂ ತಿರುವಿಹಾಕಿ ತಮ್ಮಷ್ಟಕ್ಕೆ ನಕ್ಕರು. ಗಂಜಿ ಕೇಂದ್ರವನ್ನು ಮುಂದಿನ ಊರಿಗೇ ಕೊಡುವುದೆಂದು ಮನಸ್ಸಿನಲ್ಲಿ ಆಗಲೇ ತೀರ್ಮಾನವಾಯಿತು.

ಹೊರಡುವಾಗ ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿದರು. ಅಲ್ಲಿ ಊರ ಮಕ್ಕಳೆಲ್ಲ ಸಾಲಾಗಿ ಕುಳಿತಿದ್ದಾರೆ! ಚಂದ್ರಚೂಡರಿಗೆ ಸೋಜಿಗವಾಯಿತು.

"ಈಗ ತಾನೆ ಉಂಡಿದ್ದೀರಲ್ಲ, ಮತ್ತೇಕೆ ಕುಳಿತಿದ್ದೀರಿ?"

ಹುಲಿಗೆವ್ವ ಎಂಬ ಏಳೆಂಟು ವರ್ಷದ ಹುಡುಗಿ ಎದ್ದು ನಿಂತು, ದೊಡ್ಡವರಂತೆ ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ನಾವು ಉಂಡೀವ್ರಿ. ಆದ್ರ ನಿಂಬೆಕ್ಕವ್ವಗ ವ್ರತ ಐತ್ರಿ. ನಾವು ಜೋಡಿ ಕುಂತು ಉಣಲಿಲ್ಲ ಅಂದ್ರ ಆಕಿ ತುತ್ತು ಮುಟ್ಟಂಗಿಲ್ಲ. ಪಾಪ, ಮುದುಕಿ ಉಪಾಸ ಬೀಳತೈತಿ ಅಂತ ಬಂದೀವಿ."

ಉಳಿದ ಮಕ್ಕಳೂ ಗಂಭೀರವಾಗಿ ತಲೆಯಾಡಿಸಿದರು. ತಾವು ತಾಯಿಯವರನ್ನು ಸಾಕುತ್ತಿದ್ದೇವೆಂದೇ ಆ ಕೂಸುಗಳ ನಂಬಿಕೆ. ಅಂಬಲಿ ತಿರುವುತ್ತಿದ್ದ ತಾಯಿಯವರು ಚಂದ್ರಚೂಡರ ಕಡೆ ತಿರುಗಿದರು.

"ಊಟ ಆತೇನಪಾ?"

"ಆಯಿತು ತಾಯಿ," ಎಂದರು ಚಂದ್ರಚೂಡರು. ಬೆಳಗಿನಿಂದ ಅವರು ಕುಡಿದಿದ್ದು ಎರಡು ಲೋಟ ಚಹಾ ಮಾತ್ರ. ಮಠದ ಅನ್ನದ ಋಣ ಬೇಡವೆಂಬ ಬಿಗುಮಾನದಿಂದ ಆ ಮಾತು ತಾನಾಗಿ ಬಾಯಿಂದ ಬಂದಿತ್ತು. ಆದರೆ ಹೊಟ್ಟೆಗೆ ಬಿಗುಮಾನವೆಲ್ಲಿಯದು? ಅದು ಅದೇ ಗಳಿಗೆಯಲ್ಲಿ ಎಲ್ಲರಿಗೂ ಕೇಳುವಂತೆ ಗುರ್ರೆಂದಿತು. ಮಕ್ಕಳು ಬಿದ್ದು ಬಿದ್ದು ನಕ್ಕವು. ತಾಯಿಯವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅನಂತರ ಅಂಬಲಿ ಬಡಿಸುವ ಹುಟ್ಟನ್ನು ಚಂದ್ರಚೂಡರ ಕೈಗಿತ್ತು ಮೆಲ್ಲಗೆ ನುಡಿದರು:

"ಹಸಿವನ್ನ ಕೇಳಬಾರದಪಾ, ಬಡಿಸಿ ನೋಡಬೇಕು."

ಚಂದ್ರಚೂಡರು ಬಡಿಸತೊಡಗಿದರು. ಮೊದಲ ಹುಡುಗ "ಸಾಕ್ರಿ" ಎಂದು ತಾಟಿಗೆ ಕೈ ಅಡ್ಡ ಹಿಡಿದ. ಆದರೆ ಅವನ ಕಣ್ಣು ಹುಟ್ಟನ್ನು ಬಿಟ್ಟು ಕದಲಲಿಲ್ಲ. ಪಕ್ಕದವನು ಅಂಬಲಿ ಮುಗಿಸಿ ತಾಟನ್ನು ಬೆರಳಿನಿಂದ ಬಳಿದು, ಬಳಿದ ಜಾಗವನ್ನೇ ಮತ್ತೆ ಬಳಿಯುತ್ತಿದ್ದ. ಹುಲಿಗೆವ್ವ ಭಿಕ್ಷೆಯಲ್ಲಿ ಬಂದ ರೊಟ್ಟಿಯಲ್ಲಿ ತನ್ನ ಪಾಲಿನ ಅರ್ಧವನ್ನು ಯಾರೂ ನೋಡಲಿಲ್ಲವೆಂದುಕೊಂಡು ಲಂಗದ ತುದಿಗೆ ಗಂಟು ಹಾಕಿದಳು; ಮನೆಯಲ್ಲಿ ನಡೆಯಲು ಬಾರದ ತಮ್ಮನೊಬ್ಬನಿದ್ದ. ಆಗ ಚಂದ್ರಚೂಡರ ಕಣ್ಣು ಮಕ್ಕಳ ಅಂಗಿಗಳ ಮೇಲೆ ಬಿತ್ತು. ಎಲ್ಲವೂ ಹೋದ ವರ್ಷದ ಹಬ್ಬದವು. ಬೆಳೆಯುವ ಮಕ್ಕಳಿಗೆ ಅವು ಬಿಗಿಯಾಗಬೇಕಿತ್ತು. ಇಲ್ಲಿ ಒಂದೊಂದೂ ಸಡಿಲವಾಗಿ, ಹೆಗಲಿನಿಂದ ಜಾರದಂತೆ ಪಿನ್ನು ಹಾಕಿತ್ತು.

ಬೆಳಗಿನಿಂದ ಇದೇ ಅಂಗಿಗಳನ್ನು ನೋಡಿ ಊರು ಸುಖವಾಗಿದೆ ಎಂದುಕೊಂಡಿದ್ದರು! ಹಂಡೆಯೊಳಗೆ ಇಣುಕಿದರು, ತಳದಲ್ಲಿ ಒಂದು ಹುಟ್ಟಿನಷ್ಟೇ ಉಳಿದಿತ್ತು. ಅದು ತಾಯಿಯವರ ಪಾಲು. ತಾಯಿಯವರು ಅದನ್ನೂ ಎರಡು ತಾಟಿಗೆ ಹಂಚಿ, ಒಂದನ್ನು ಅವರ ಮುಂದಿಟ್ಟರು.

"ಕುಂದ್ರಪಾ. ನೀ ಉಣಲಿಲ್ಲಂದ್ರ ನನ್ನ ವ್ರತ ಕೆಡತೈತಿ."

ಚಂದ್ರಚೂಡರು ಧೂಳಿನಲ್ಲಿ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಉಂಡರು. ಅಂಥ ರುಚಿಯನ್ನು ತಾವು ಅದಕ್ಕೆ ಮೊದಲು ಕಂಡಿರಲಿಲ್ಲವೆಂದು ಮುಂದೆ ಹಲವರಲ್ಲಿ ಹೇಳಿಕೊಂಡಿದ್ದಾರೆ. ಸಂಜೆಗೆ ಸಂಘಕ್ಕೆ ಹೋದ ಸುದ್ದಿ ಕಾರಿಗನಾಳದ ಹೆಸರನ್ನೇ ಹೊತ್ತಿತ್ತು. ಮುಂದಿನ ಊರನ್ನೂ ಅವರು ಮರೆಯಲಿಲ್ಲ. ಅಲ್ಲಿಗೆ ಹೋಗಿ ಪ್ರಶ್ನೆ ಕೇಳದೆ ಒಂದು ಹಂಡೆ ಗಂಜಿ ಕಾಯಿಸಿ ಬಡಿಸಿದರು. ಕಂಡದ್ದನ್ನು ಸಂಘದವರಿಗೆ ಕಾಡಿ ಬೇಡಿ ಒಪ್ಪಿಸಿ ಅಲ್ಲಿಗೂ ನೆರವು ತಂದರು.

ಕಾರಿಗನಾಳದಲ್ಲಿ ಗಂಜಿ ಕೇಂದ್ರ ತೆರೆದ ದಿನ ದೊಡ್ಡ ಕೊಪ್ಪರಿಗೆ ಕುದಿಯಿತು; ಬಡಿಸಲು ಚಂದ್ರಚೂಡರೇ ಹುಟ್ಟು ಹಿಡಿದು ನಿಂತರು. ಮಕ್ಕಳು ಒಂದು ಸುತ್ತು ಉಂಡು, ರೂಢಿಯಂತೆ ತಾಟಿಗೆ ಕೈ ಅಡ್ಡ ಹಿಡಿದು ಸುಮ್ಮನೆ ಕುಳಿತರು. ಹುಲಿಗೆವ್ವ ಕೊಪ್ಪರಿಗೆಯನ್ನು ಒಮ್ಮೆ ನೋಡಿದಳು, ತಾಯಿಯವರನ್ನು ಒಮ್ಮೆ ನೋಡಿದಳು. ಇದ್ದಕ್ಕಿದ್ದಂತೆ ತಾಟನ್ನು ಢಣಢಣ ಬಡಿದು ಕೂಗಿದಳು:

"ನನಗ ಹಸಿವ್ಯಾಗೇತ್ರಿ! ಇನ್ನಾ ಹಾಕ್ರಿ!"

"ಅಯ್ಯ, ಮಾನಗೇಡಿ!" ಎಂದು ಅವಳ ತಾಯಿ ಬಾಯಿ ಮುಚ್ಚಲು ಓಡಿಬಂದಳು. ಅಷ್ಟರೊಳಗೆ ಎಲ್ಲ ತಾಟುಗಳೂ ಬಡಿದುಕೊಳ್ಳತೊಡಗಿದ್ದವು. "ನನಗೂ ಹಸಿವು! ನನಗೂ!" ನಿಂಬೆಕ್ಕ ತಾಯಿಯವರು ಚಪ್ಪಾಳೆ ತಟ್ಟಿ ಕೂಸಿನಂತೆ ನಗುತ್ತಿದ್ದರು. ಯಾವ ಮಠಕ್ಕೂ ತಲೆಬಾಗದಿದ್ದ ಚಂದ್ರಚೂಡರು ಓಡಿಹೋಗಿ ಆ ಧೂಳು ಮೆತ್ತಿದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಂತೋಷಕ್ಕೆ ಅಳತೊಡಗಿದರು.

"ಕಾಲು ಬಿಡಪಾ," ಎಂದರು ತಾಯಿಯವರು, "ಗಂಜಿ ಆರತೈತಿ."