ತಟ್ಟೆಯಲ್ಲಿ ಉಳಿದ ರಸ್ಕು

ಚಿನ್ನ ಹುಡುಕಲು ಸ್ವೀಡನ್ನಿನಿಂದ ಅಲಾಸ್ಕಾದ ಕಣಿವೆಗೆ ಬಂದಿದ್ದ ಪಾಲುಗಾರರಾದ ಸಿಕ್ಸ್ಟನ್ ಮತ್ತು ಆಲ್ಗೋಟ್ ಹಸಿದು ಕಂಗಾಲಾಗಿದ್ದರು. ಆದರೂ ತಟ್ಟೆಯಲ್ಲಿ ಉಳಿದ ಒಂದೇ ಒಂದು ರಸ್ಕನ್ನು ಇಬ್ಬರೂ ಮುಟ್ಟಲಿಲ್ಲ. ಕೊನೆಯ ತುಣುಕಿಗೆ ಕೈಹಾಕುವುದು ಅವರೂರಿನಲ್ಲಿ ಮರ್ಯಾದೆಗೇಡು.

"ನೀನೇ ತಿನ್ನು."

"ಛೇ, ಎಲ್ಲಾದರೂ ಉಂಟೇ! ನೀನೇ ತಿನ್ನು."

ಈ ಉಪಚಾರ ಕೇಳಿ ಕೇಳಿ ರಸ್ಕು ಕಲ್ಲಾಯಿತು.

ಸಂಜೆ ಹೊಳೆಯಲ್ಲಿ ಒಂದು ಚಿನ್ನದ ಗಟ್ಟಿ ಸಿಕ್ಕಿತು. ಇಬ್ಬರೂ ಅದರ ಮೇಲೆ ಮುಗಿಬಿದ್ದು, ಜುಟ್ಟು ಜುಟ್ಟು ಹಿಡಿದು ಹೊರಳಾಡಿದರು. ಸುಸ್ತಾದ ಮೇಲೆ ಗಟ್ಟಿಯನ್ನು ಅದೇ ತಟ್ಟೆಗೆ ಹಾಕಿ, ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕುಳಿತರು.

"ಎಂಥ ಸಂಭಾವಿತರು! ನನ್ನನ್ನು ಮುಟ್ಟಲೂ ಇಲ್ಲ," ಎಂದಿತು ರಸ್ಕು.

"ಹೌದೇ? ಅಸಲಿಯೋ ನಕಲಿಯೋ ಎಂದು ನನ್ನನ್ನು ಇಬ್ಬರೂ ಕಚ್ಚಿ ನೋಡಿದರಲ್ಲ!" ಎಂದಿತು ಚಿನ್ನ.

"ಕಚ್ಚಿದ್ದೇನೋ ಸರಿ," ಎಂದಿತು ರಸ್ಕು, "ಹೊಟ್ಟೆ ತುಂಬಿತೇ?"