ತೊಗರಿ ವ್ಯಾಪಾರಿಯ ದವಡೆ ಹಲ್ಲು

"ಅಜ್ಜಾರೇ, ಸತ್ತ ಅಕ್ಕನ ಮಗಳನ್ನು ಸಾಕುವವಳು ಎಷ್ಟು ಗಟ್ಟಿಯಾಗಿರಬೇಕು?"

ಕೇಳಿದ ನಾಗವೇಣಿ ಒಂದು ಕಡೆ ನಿಲ್ಲಲಿಲ್ಲ. ಮಠದ ಕಂಬಕ್ಕೆ ಒರಗಿದಳು, ಬಾಗಿಲ ತನಕ ಹೋದಳು, ತಿರುಗಿ ಬಂದಳು. ಅಕ್ಕ ತೀರಿಕೊಂಡ ಮೇಲೆ ಆ ಕೂಸಿಗೆ ಇವಳೇ ದಿಕ್ಕು.

"ಅತ್ತರೆ ಎತ್ತಿಕೊಳ್ಳುವುದಿಲ್ಲ. ಹಟ ಮಾಡಿದರೆ ಊಟ ಕೊಡುವುದಿಲ್ಲ. ಓಣಿಯವರು ನನ್ನನ್ನು ಕಲ್ಲು ಅಂತಾರೆ, ಅನ್ನಲಿ, ಅವರ ಬಾಯಿಗೆ ಬೇರೆ ಕೆಲಸ ಎಲ್ಲಿದೆ? ಅಕ್ಕ ಹೋದ ದಿನವೂ ನಾನು ಅಳಲಿಲ್ಲ. ನಾನೂ ಬಿರುಕು ಬಿಟ್ಟರೆ ಆ ಮನೆಯನ್ನು ಹಿಡಿಯುವವರು ಯಾರು?"

"ಕುಳಿತುಕೋ ತಂಗಿ" ಎಂದರು ಮಠದ ಅಜ್ಜ. ಅವಳು ಕುಳಿತುಕೊಳ್ಳಲಿಲ್ಲ. ಅವರು ಹೇಳತೊಡಗಿದರು.

ಒಬ್ಬ ಹಲ್ಲಿನ ವೈದ್ಯನಿದ್ದ. ಹುಳುಕು ಹಲ್ಲಿಗೆ ಏನು ತುಂಬಿದರೆ ಹೆಚ್ಚು ಬಾಳಿಕೆ ಬಂದೀತು ಎಂಬುದೇ ಅವನ ಚಿಂತೆ. ತುಂಬುವ ಒಂದೊಂದು ಪದಾರ್ಥದಿಂದಲೂ ಕಾಳಿನಷ್ಟು ಗುಂಡು ಮಾಡಿದ. ಗಟ್ಟಿಯಾದ ಮೇಲೆ ತಿರುಪಿನ ಇಕ್ಕಳದಲ್ಲಿಟ್ಟು ಬಿಗಿದ. ಸಿಮೆಂಟು ಪುಡಿಯಾಯಿತು. ಹಲ್ಲಿನ ಬಣ್ಣದ್ದು ಇನ್ನಷ್ಟು ತಡೆದು ಸೀಳಿತು. ಬೆಳ್ಳಿ ಬೆರೆಸಿದ್ದು ಅದಕ್ಕಿಂತಲೂ ತಡೆದು ಬಿರಿಯಿತು. ಕೊನೆಯದೊಂದು ಮಾತ್ರ ಒಡೆಯಲೇ ಇಲ್ಲ, ಇಕ್ಕಳದ ತಿರುಪೇ ಸವೆಯಿತು. ವೈದ್ಯನ ಮೀಸೆ ಮೇಲೇರಿತು.

ಅವನಲ್ಲಿಗೆ ಒಬ್ಬ ತೊಗರಿ ವ್ಯಾಪಾರಿ ಬಂದ. ಕಾಳನ್ನು ದವಡೆಯಲ್ಲಿ ಕಡಿದು, ಹಸಿಯೋ ಒಣಗಿದೆಯೋ ಎಂದು ಹೇಳುವುದರಲ್ಲೇ ಅವನ ಅನ್ನ. ಕಡಿಯುವ ಆ ಹಲ್ಲೇ ಹುಳುಕಾಗಿತ್ತು.

"ಡಾಕ್ಟರೇ, ಈ ಹಲ್ಲು ಹೋದರೆ ನಾನು ಅಂಗಡಿಯಲ್ಲಿ ಕುಳಿತ ಕುರುಡ."

"ಊರೇ ಒಡೆದರೂ ಇದು ಒಡೆಯುವುದಿಲ್ಲ, ಹೋಗು" ಎಂದು ವೈದ್ಯ ಆ ಗಟ್ಟಿ ಪದಾರ್ಥವನ್ನೇ ತುಂಬಿ ಕಳಿಸಿದ.

ವ್ಯಾಪಾರಿ ಕಾಳು ಕಡಿದ. ಕಡಿದಾಗಲೆಲ್ಲ ಹಲ್ಲಿನ ಗೋಡೆ ಕೂದಲೆಳೆಯಷ್ಟು ಬಾಗಲು ನೋಡಿತು. ಒಳಗಿದ್ದದ್ದು ಬಾಗಲು ಬಿಡಲಿಲ್ಲ. ಸುಗ್ಗಿ ಮುಗಿಯುವ ಮೊದಲೇ ಅವನು ಕೆನ್ನೆ ಒತ್ತಿಕೊಂಡು ಬಂದು ವೈದ್ಯನ ಮುಂದೆ ಅಂಗೈ ಬಿಚ್ಚಿದ. ಅದರಲ್ಲಿ ಸೀಳಿದ ಹಲ್ಲಿನ ಚೂರುಗಳಿದ್ದವು. ತುಂಬಿದ್ದು ಅವುಗಳ ನಡುವೆ ಇಡಿಯಾಗಿ ಹೊಳೆಯುತ್ತಿತ್ತು.

"ನೀವು ಸುಳ್ಳು ಹೇಳಲಿಲ್ಲ ಡಾಕ್ಟರೇ. ನಿಮ್ಮದಕ್ಕೆ ಏನೂ ಆಗಿಲ್ಲ."

ವೈದ್ಯ ಎಲ್ಲವನ್ನೂ ಇಕ್ಕಳದಲ್ಲಿ ಬಿಗಿದು ನೋಡಿದ್ದ. ಒಂದನ್ನೂ ಹಲ್ಲಿನೊಳಗಿಟ್ಟು ನೋಡಿರಲಿಲ್ಲ.

ಅಜ್ಜ ಕಥೆ ಮುಗಿಸಿದರು. ನಾಗವೇಣಿ ಆಗಲೇ ಮತ್ತೆ ಬಾಗಿಲ ಬಳಿ ಇದ್ದಳು.

"ಹಾಗಾದರೆ ಸಿಮೆಂಟಿನ ಹಾಗೆ ಪುಡಿಯಾಗಲೇನು?" ಎಂದು ಅಲ್ಲಿಂದಲೇ ಸಿಡುಕಿದಳು. "ಎಷ್ಟು ಬಿಗಿದರೂ ತಡೆದುಕೊಂಡಿದ್ದೇನೆ ಅಜ್ಜಾರೇ. ನನಗೆ ಏನೂ ಆಗಿಲ್ಲ."

"ನಿನಗೆ ಏನೂ ಆಗಿಲ್ಲವೆಂದು ಬಂದಾಗಿನಿಂದ ಹೇಳುತ್ತಿದ್ದೀಯ ತಂಗಿ, ಕೂಸು ಹೇಗಿದೆ?"

ನಾಗವೇಣಿ ಕುಳಿತಳು.