ಹತ್ತೊಂಬತ್ತನೆಯವರ ಸಾಲು

ಮಲಪ್ರಭೆಯ ದಂಡೆಯಲ್ಲಿ ಒಂದು ಮಠ. ನಾಲ್ಕು ನೂರು ವರ್ಷ ಹಳೆಯದು. ಅಷ್ಟು ವರ್ಷಗಳಲ್ಲಿ ಹತ್ತೊಂಬತ್ತು ಮಂದಿ ಅಲ್ಲಿಯ ಪೀಠದ ಮೇಲೆ ಕೂತಿದ್ದರು. ಹತ್ತೊಂಬತ್ತನೆಯವರು ಘನಲಿಂಗ ಅಜ್ಜ.

ಅಜ್ಜನಿಗೆ ಎಂಬತ್ತೊಂದು. ಮಂಡಿಗಳು ಮಾತು ಕೇಳುತ್ತಿರಲಿಲ್ಲ. ಒಂದು ದಿನ ಊಟದ ಪಂಕ್ತಿಯಲ್ಲೇ, "ನಂದು ಸಾಕು. ಇನ್ನ ಮಡಿವಾಳಯ್ಯ ಕೂಡ್ಲಿ," ಎಂದುಬಿಟ್ಟರು. ಬರುವ ಸೋಮವಾರ ಪಟ್ಟ ಎಂದು ಊರೂರಿಗೆ ಸುದ್ದಿ ಹೋಯಿತು.

ಮಡಿವಾಳಯ್ಯ ಎತ್ತಿದ ತುತ್ತನ್ನು ಎಲೆಗೇ ಇಳಿಸಿದ. ಹದಿನಾಲ್ಕು ವರ್ಷದಿಂದ ಅಜ್ಜನ ಶಿಷ್ಯ ಅವನು. ಆಕಳು ಕಟ್ಟು ಎಂದರೆ ಕಟ್ಟುತ್ತಿದ್ದ, ಪಾಠ ಹೇಳು ಎಂದರೆ ಹೇಳುತ್ತಿದ್ದ. ಆದರೆ ಅಜ್ಜ ಕೂತ ಜಾಗದಲ್ಲಿ ತಾನು ಕೂಡುವುದೇ? ಛೇ, ಎಲ್ಲಿಯ ಮಾತು!

ಅದರ ಮೇಲೆ ಮಠದ ಕಟ್ಟಳೆಯೊಂದು ಬೇರೆ. ಪಟ್ಟಕ್ಕೆ ಬರುವವನು, ಇಳಿಯುವ ಗುರುವಿನ ಬಗ್ಗೆ ಮಠದ ಕಡತದಲ್ಲಿ ಒಂದು ಸಾಲು ಬರೆಯಬೇಕು. ಒಂದೇ ಸಾಲು. ಪಟ್ಟದ ದಿನ ಆ ಗುರುವೇ ಅದನ್ನು ಕೂಡಿದ ಜನರ ಮುಂದೆ ಗಟ್ಟಿಯಾಗಿ ಓದಬೇಕು. ಓದಿ, ನಿಜವೆಂದು ಒಪ್ಪಿ "ಖರೆ" ಎಂದರೆ ಪಟ್ಟ. ಅನ್ನದಿದ್ದರೆ ಇಲ್ಲ.

ಗುರುವಾರ ಮಡಿವಾಳಯ್ಯ ಸ್ನಾನ ಮಾಡಿ, ಮಡಿಯುಟ್ಟು, ಕೂತು ಬರೆದ. ಸಾಲು ಒಂದೇ, ಆದರೆ ಹಾಳೆಯ ತುದಿ ಮುಟ್ಟಿತು. ಮೊದಲೇ ತೋರಿಸಿಬಿಡೋಣ ಎಂದು ಅಜ್ಜನ ಹತ್ತಿರ ಹೋದ. ಅಜ್ಜ ಎಳೆಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದರು.

"ಜ್ಞಾನಭಾಸ್ಕರರೂ, ಕರುಣಾಸಾಗರರೂ, ಅರಿಷಡ್ವರ್ಗಗಳನ್ನು ಗೆದ್ದ ಮಹಾಮಹಿಮರೂ..." ಎಂದು ಅವನು ಓದತೊಡಗಿದ.

ಅಜ್ಜ ಹಿಂದಕ್ಕೆ ತಿರುಗಿ ನೋಡಿದರು. "ಯಾರಪಾ ಇವ್ರು? ಯಾವಾಗ ಬಂದ್ರು?"

"ನೀವರೀ, ಅಜ್ಜಾರ."

"ನಾನ? ನನಗ ಗುರ್ತ ಸಿಗಲಿಲ್ಲ ನೋಡು. ಪಾಪ, ಯಾರೋ ದೊಡ್ಡವ್ರು. ಬಂದಾರಂದ್ರ ಊಟಕ್ಕ ಕರಿ."

ಅಡುಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಶಂಕ್ರವ್ವ ಮೊರದ ಮೇಲೆಯೇ ಬಾಗಿ ನಕ್ಕಳು. ಮೂವತ್ತು ವರ್ಷದಿಂದ ಮಠಕ್ಕೆ ರೊಟ್ಟಿ ಬಡಿಯುವವಳು. ಯಾರ ಮುಲಾಜೂ ಇಲ್ಲದವಳು.

ಶುಕ್ರವಾರ ಮಡಿವಾಳಯ್ಯ ಚಿಕ್ಕದಾಗಿ ಬರೆದುಕೊಂಡು ಬಂದ. "ಎಂದೂ ಸಿಟ್ಟು ಮಾಡದ ಗುರುಗಳು."

ಅಜ್ಜ ಅಂಗಳದ ಮೂಲೆಗೆ ಕೈ ತೋರಿಸಿದರು. "ಮುಂಜಾನಿ ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೆ ಕೋಲು ಒಗದೇನಿ. ಅದನ್ನೊಂದು ಮಾತು ಕೇಳಿ ಬರಿ."

ಶನಿವಾರ ಅವನಿಗೆ ತಡೆಯಲಾಗಲಿಲ್ಲ. ಅಜ್ಜನ ಕಾಲ ಹತ್ತಿರ ಕುಸಿದು ಕೂತ.

"ನನಗ ಈ ಪಟ್ಟ ಬ್ಯಾಡ್ರೀ, ಅಜ್ಜಾರ. ಒಂದು ಸಾಲು ಬರಿಯಾಕ ಬರೂದಿಲ್ಲ, ಮಠ ಹ್ಯಾಂಗ ನಡಸ್ಲಿ? ಆ ಹದಿನೆಂಟು ಮಂದಿ ಎಂಥಾವ್ರು, ನೀವು ಎಂಥಾವ್ರು, ಅವರ ಸಾಲಿನಾಗ ನಾ ಎಲ್ಲಿ ನಿಲ್ಲಲಿ?"

"ಹದಿನೆಂಟು ಮಂದಿ ಎಂಥಾವ್ರು ಅಂತ ನಿನಗ ಯಾರು ಹೇಳಿದ್ರು?"

"ಕಡತದಾಗ ಐತೆಲ್ಲರೀ."

"ನೋಡೀಯೇನು?"

"ದಿನಾ ಪೂಜಿ ಮಾಡ್ತೇನ್ರಿ."

"ಪೂಜಿ ಮಾಡೀದಿ. ಬಿಚ್ಚೀಯೇನು?"

ಹದಿನಾಲ್ಕು ವರ್ಷ ಮಡಿವಾಳಯ್ಯ ಕಡತ ಸುತ್ತಿಟ್ಟ ಆ ಕಾವಿಬಟ್ಟೆಯ ಗಂಟಿಗೆ ವಿಭೂತಿ ಹಚ್ಚಿದ್ದ, ಹೂವು ಏರಿಸಿದ್ದ, ಆರತಿ ಎತ್ತಿದ್ದ. ಗಂಟು ಬಿಚ್ಚಿರಲಿಲ್ಲ. ಅಷ್ಟು ಪವಿತ್ರವಾದದ್ದನ್ನು ಯಾರಾದರೂ ಬಿಚ್ಚುತ್ತಾರೆಯೇ?

"ಹೋಗು, ಬಿಚ್ಚು," ಎಂದರು ಅಜ್ಜ.

ಪೂಜೆಯ ಕೋಣೆಗೆ ಹೋಗಿ ಗಂಟು ಬಿಚ್ಚಿದ. ಬಟ್ಟೆಯೊಳಗೆ ಬಟ್ಟೆ, ಅದರೊಳಗೆ ಇನ್ನೊಂದು ಬಟ್ಟೆ. ಕೊನೆಗೆ ಕಡತ ಸಿಕ್ಕಿತು. ಮೊದಲ ಮಡಿಕೆ ತೆರೆದು ಓದಿದ.

"ಒಂದನೆಯವರು: ಬಾವಿ ತೋಡಿದರು, ನೀರು ಬರಲಿಲ್ಲ, ಆ ಕುಣಿಯಲ್ಲಿ ಬೇವು ನೆಟ್ಟರು."

ಅವನು ಕಣ್ಣುಜ್ಜಿಕೊಂಡ. ಮುಂದೆ ಓದಿದ.

"ನಾಲ್ಕನೆಯವರು: ವಿಪರೀತ ಸಿಟ್ಟು, ಊಟಕ್ಕೆ ಬಡಿಸುವಾಗ ಮಾತ್ರ ಸಿಟ್ಟಿರಲಿಲ್ಲ."

"ಒಂಬತ್ತನೆಯವರು: ಪಟ್ಟದ ದಿನ ಓಡಿಹೋದರು, ಮೂರನೆಯ ದಿನ ಹಸಿದು ಬಂದರು, ಮೂವತ್ತು ವರ್ಷ ಇದ್ದರು."

"ಹನ್ನೆರಡನೆಯವರು: ಕಿವಿ ಕೇಳುತ್ತಿರಲಿಲ್ಲ, ಜಗಳ ತಂದವರು ಕೂಗಿ ಕೂಗಿ ಸುಸ್ತಾಗಿ ರಾಜಿಯಾಗಿ ಹೋದರು."

ಮಡಿವಾಳಯ್ಯನಿಗೆ ಮೊದಲು ಗಾಬರಿಯಾಯಿತು. ಅಯ್ಯೋ ಶಿವನೇ, ತಾನು ಇಷ್ಟು ದಿನ ಆರತಿ ಎತ್ತಿದ್ದು ಇದಕ್ಕೇನು? ಆಮೇಲೆ ಕಿವುಡ ಗುರುವಿನ ಮುಂದೆ ಕೂಗುವವರು ಕಣ್ಣಿಗೆ ಕಟ್ಟಿದರು. ಪೂಜೆಯ ಕೋಣೆಯಲ್ಲಿ ಒಬ್ಬನೇ ಕೂತು, ಬಾಯಿಗೆ ಶಲ್ಯ ಒತ್ತಿಕೊಂಡು ನಕ್ಕ.

ಕೊನೆಯ ಸಾಲು ಅಜ್ಜನ ಕೈಬರಹ. "ಹದಿನೆಂಟನೆಯವರು: ಯಾರ ಹೆಸರೂ ನೆನಪಿರುತ್ತಿರಲಿಲ್ಲ, ಎಲ್ಲರನ್ನೂ ಮಗನೇ ಎಂದರು."

ಕಡತ ಎದೆಗೊತ್ತಿಕೊಂಡು ಅವನು ಹೊರಗೆ ಬಂದ.

"ಇದನ್ನ ಬರಿಯೂವಾಗ ನಿಮಗ ಅಂಜಿಕಿ ಬರಲಿಲ್ಲೇನ್ರೀ, ಅಜ್ಜಾರ?"

"ಬೆವತು ನೀರಾಗಿದ್ದೆ," ಎಂದರು ಅಜ್ಜ. "ನಮ್ಮ ಗುರುಗಳು ಮಂದಿ ಮುಂದ ಓದಿದ್ರು. ಓದಿ, ಯಾವ ಮಗಾ ಬರದಾನಿದನ್ನ ಅಂತ ಕೇಳಿದ್ರು. ನನ್ನ ಹೆಸರು ನೆನಪಿದ್ದರಲ್ಲ!"

ಇಬ್ಬರೂ ನಕ್ಕರು. ಆದರೆ ಮಡಿವಾಳಯ್ಯನ ನಗು ಬೇಗ ಆರಿತು. ಸತ್ತವರ ತಪ್ಪು ಓದಿ ನಗುವುದು ಸುಲಭ. ಕಣ್ಣೆದುರಿನ ಅಜ್ಜನ ತಪ್ಪು ಬರೆಯುವುದು ಹೇಗೆ? ಅದೂ ಎರಡು ಸಾವಿರ ಜನರ ಮುಂದೆ, ಅವರದೇ ಬಾಯಿಂದ ಓದಿಸುವುದು? ಈ ಕೈಯಿಂದ ಅದು ಆಗದು. ಸುಳ್ಳು ಬರೆದರೆ ಅಜ್ಜ ಬಿಡುವುದಿಲ್ಲ, ಖರೆ ಬರೆಯಲು ತನಗೆ ಎದೆಯಿಲ್ಲ.

ಭಾನುವಾರ ಮುಂಜಾನೆ ಎರಡು ಧೋತರ ಚೀಲಕ್ಕೆ ತುಂಬಿಕೊಂಡು, ಯಾರಿಗೂ ಹೇಳದೆ, ಹೊಳೆಗೆ ಹೋದ. ಹರಿಗೋಲು ಆಚೆ ದಂಡೆಯಲ್ಲಿತ್ತು. ಕಾಯುತ್ತ ಬಂಡೆಯ ಮೇಲೆ ಕೂತ.

ಆಗ ಕೇಳಿಸಿತು.

ಮೇಲಿನ ಸ್ನಾನಘಟ್ಟದಲ್ಲಿ ಅಜ್ಜ ಸ್ನಾನ ಮುಗಿಸಿ ವಚನ ಹಾಡುತ್ತಿದ್ದರು. ಹಾಡುವುದೆಂದರೆ ಏನು ಹೇಳಲಿ! ರಾಗ ಒಂದು ಕಡೆ, ಅಜ್ಜ ಒಂದು ಕಡೆ. ತಾಳ ಎಲ್ಲಿಗೆ ಹೋಗಿತ್ತೋ ಆ ಶಿವನೇ ಬಲ್ಲ. ನೀರಿನಲ್ಲಿ ಮಲಗಿದ್ದ ಎಮ್ಮೆಗಳು ಒಂದೊಂದೇ ಎದ್ದು ದಂಡೆ ಹತ್ತಿದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಮಡಿವಾಳಯ್ಯನಿಗೂ ನಗು ಬಂತು. ಹದಿನಾಲ್ಕು ವರ್ಷ ದಿನವೂ ಕೇಳಿದ್ದ, ಒಂದು ದಿನವೂ ಸ್ವರ ಸರಿಯಾಗಿ ಬಿದ್ದಿರಲಿಲ್ಲ.

ಹೊಳೆ ಉಕ್ಕಿ ಅರ್ಧ ಮಠ ಕೊಚ್ಚಿಹೋದ ಮರುದಿನವೂ ಅಜ್ಜ ಕೆಸರಲ್ಲಿ ನಿಂತು ಹೀಗೇ ಹಾಡಿದ್ದರು. ಅವನ ಅವ್ವ ತೀರಿಕೊಂಡ ಸುದ್ದಿ ಬಂದ ಮುಂಜಾನೆಯೂ ಪಕ್ಕದಲ್ಲಿ ಕೂತು ಇದೇ ವಚನ, ಇದೇ ಅಪಸ್ವರ. ಬಿಕ್ಕಿ ಬಿಕ್ಕಿ ಅಳುತ್ತಿದ್ದವನಿಗೆ ನಡುವೆಯೇ ನಗು ಬಂದುಬಿಟ್ಟಿತ್ತು. ಅಂದು ಆ ನಗುವೇ ಅವನನ್ನು ಉಳಿಸಿತ್ತು.

ಈಗ ಅವನು ನಗುತ್ತಲೇ ಅತ್ತ. ಅಜ್ಜನ ಮೇಲಿನ ಪ್ರೀತಿ ಎದೆಯಲ್ಲಿ ಹಿಡಿಸದಷ್ಟು ಉಕ್ಕಿತು. ಹರಿಗೋಲು ಈಚೆ ದಂಡೆಗೆ ಬಂದಾಗ ಅಂಬಿಗ ಕೂಗಿದ, "ಬರ್ತೀರೇನ್ರೀ, ಅಯ್ಯನವರ?"

"ಇಲ್ಲಪಾ, ಬರಿಯೂದೈತಿ," ಎಂದು ಮಠದ ಕಡೆ ಓಡಿದ.

ಸೋಮವಾರ ಅಂಗಳದ ತುಂಬ ಜನ. ಅಜ್ಜ ಪೀಠದಿಂದ ಇಳಿದು ನಿಂತು, ಕನ್ನಡಕ ಏರಿಸಿ, ಕಡತ ತೆರೆದರು.

ಅಜ್ಜ ಗಟ್ಟಿಯಾಗಿ ಓದಿದರು. "ಹತ್ತೊಂಬತ್ತನೆಯವರು: ಹಾಡಲು ಬರುತ್ತಿರಲಿಲ್ಲ, ದಿನವೂ ಹಾಡಿದರು."

ಮೊದಲು ನಕ್ಕವಳು ಶಂಕ್ರವ್ವ. ಆಮೇಲೆ ಹೆಂಗಸರ ಸಾಲು, ಆಮೇಲೆ ಗಂಡಸರು, ಆಮೇಲೆ ಇಡೀ ಅಂಗಳ. ಅಜ್ಜನಂತೂ ಶಲ್ಯ ಜಾರಿ ಬಿದ್ದದ್ದೂ ಗೊತ್ತಾಗದಂತೆ ನಕ್ಕರು.

"ಖರೆ ಹೇಳು, ಅಷ್ಟು ಕೆಟ್ಟ ಹಾಡ್ತೇನೇನೊ?"

"ಹೌದ್ರೀ, ಅಜ್ಜಾರ."

"ಎಂಬತ್ತು ವರ್ಷ ಒಬ್ಬರೂ ಹೇಳಲಿಲ್ಲಲ್ಲೋ!" ಅಜ್ಜ ಕಣ್ಣೊರೆಸಿಕೊಂಡು ಜನರ ಕಡೆ ತಿರುಗಿದರು. "ಖರೆ," ಎಂದರು. "ನೂರಕ್ಕ ನೂರು ಖರೆ."

ಡೊಳ್ಳು ಬಾರಿಸಿದರು. ಅಜ್ಜ ಅವನ ಕೈಹಿಡಿದು ಪೀಠದ ಮೆಟ್ಟಿಲ ತನಕ ಕರೆದುಕೊಂಡು ಹೋದರು. ಅಲ್ಲಿ ಮಡಿವಾಳಯ್ಯ ನಿಂತುಬಿಟ್ಟ.

"ಅಜ್ಜಾರ," ಎಂದ ಮೆಲ್ಲಗೆ, "ನನ್ನ ಕೈಲೆ ತಪ್ಪಾದ್ರ?"

ಅಜ್ಜ ಅವನ ಬೆನ್ನ ಮೇಲೊಂದು ಗುದ್ದಿ ಮೇಲಕ್ಕೆ ದಬ್ಬಿದರು.

"ಆಗಬೇಕಪಾ! ಇಲ್ಲಂದ್ರ ನಿನ್ನ ಹಿಂದ ಬರಾಂವ ಪಾಪ, ಏನು ಬರೀಬೇಕು?"